ಬೀಜಕ್ಕೆ ಬಿಟ್ಟ ಕಾಯಿ

ಅವರೆಕಾಯಿಯ ಸೊಗಡು ಕೈಯಿಂದ ಹೋಗುವುದಿಲ್ಲವಲ್ಲ ಎಂಬ ಚಿಂತೆ ಭಾಗ್ಯಜ್ಯೋತಿಯನ್ನು ಬಸ್ಸು ಹತ್ತಿದಾಗಿನಿಂದ ಕೊರೆಯುತ್ತಿತ್ತು. ಬೆರಳನ್ನು ಮೂಗಿನ ಹತ್ತಿರ ತಂದು ಮೂಸಿ ನೋಡಿದಳು. ಪಕ್ಕದಲ್ಲಿ ಕೂತ ಹೆಂಗಸು ತಿರುಗಿದ್ದು ಕಂಡು ಮೂಗು ತುರಿಸಿಕೊಂಡವಳಂತೆ ಮಾಡಿದಳು. ಹಾಗೆ ನೋಡಿದರೆ ಇದರಲ್ಲಿ ಹೆದರುವುದೇನೂ ಇರಲಿಲ್ಲ. ಬಳ್ಳಿಯಿಂದ ಕಾಯಿ ಕಿತ್ತವಳ ಕೈಯಲ್ಲೂ ಇದೇ ವಾಸನೆ, ತಳ್ಳುಗಾಡಿಯ ರಾಶಿಗೆ ಕೈ ಹಾಕಿ ಆರಿಸಿದವಳ ಕೈಯಲ್ಲೂ ಇದೇ ವಾಸನೆ. ತಾನು ಎಲ್ಲಿಂದ ಬಂದೆನೆಂದು ವಾಸನೆ ಹೇಳುವುದಿಲ್ಲ. ಹಾಗಿದ್ದರೂ ಮನೆಯ ಒಡತಿ ಗೌರಮ್ಮಜ್ಜಿ ತನ್ನ ಕೈ ಹಿಡಿದು ಮೂಸಿದ ಕೂಡಲೇ ಎಲ್ಲ ತಿಳಿದುಹೋಗುತ್ತದೆ, ಪೊರೆ ಬಂದ ಕಣ್ಣಿಗೆ ಕಾಣದ್ದು ಆ ಮೂಗಿಗೆ ಕಂಡುಬಿಡುತ್ತದೆ ಎಂದೇ ಅವಳಿಗೆ ಅನ್ನಿಸುತ್ತಿತ್ತು. ಚೀಲವನ್ನು ಕಾಲುಗಳ ನಡುವೆ ಇಟ್ಟುಕೊಂಡು, ಅದರ ಬಾಯಿಗೆ ದುಪಟ್ಟಾದ ತುದಿ ಮುಚ್ಚಿ, ಆದಷ್ಟು ಕಡಿಮೆ ಜಾಗದಲ್ಲಿ ಮುದುಡಿ ಕೂತಳು.

ಪುಟ್ಟೇನಹಳ್ಳಿಯ ತರಕಾರಿಯವರಿಗೆಲ್ಲ ಗೌರಮ್ಮಜ್ಜಿ ಗೊತ್ತು. ಸಾರಕ್ಕಿ ಮಾರುಕಟ್ಟೆಯಲ್ಲೂ ಯಾರಾದರೊಬ್ಬರು ಗುರುತಿನವರು ಸಿಕ್ಕೇ ಸಿಗುತ್ತಾರೆ. ಅದಕ್ಕೇ ಬನಶಂಕರಿಯವರೆಗೆ ಹೋಗಿದ್ದಳು. ನಾಳೆ ಸಂಕ್ರಾಂತಿ. ಗೋಡೆಗೆ ಒರಗಿಸಿದ ಕಬ್ಬಿನ ಜಲ್ಲೆಗಳು, ಮಣ್ಣು ಮೆತ್ತಿದ ಗೆಣಸು, ಹಸಿ ಕಡಲೆಕಾಯಿ, ಸಕ್ಕರೆಅಚ್ಚು. ಕಾಲಿಡಲು ಜಾಗವಿಲ್ಲದ ಜನ. ಅವಳು ನುಣುಪಾದ ಕಾಯಿಗಳನ್ನು ಪಕ್ಕಕ್ಕೆ ತಳ್ಳಿ ಸೊಟ್ಟಗಿನವನ್ನೂ ಚುಕ್ಕೆ ಬಿದ್ದವನ್ನೂ ಹೆಕ್ಕುತ್ತಿದ್ದಳು. ತಾನೇ ಔಷಧಿ ಹೊಡೆಯದೆ ಬೆಳೆದದ್ದು ಎಂದರೆ ನಂಬುವ ಹಾಗಿರಬೇಕಲ್ಲ. ಗಾಡಿಯವನು ಬೇರೆ ಗಿರಾಕಿಗಳಿಗೆ ತೂಗುತ್ತಲೇ ಇವಳನ್ನು ನೋಡುತ್ತಿದ್ದ.

“ಏನಕ್ಕಾ, ಒಂದೊಂದೇ ಕಾಯಿ ಹೆಣ್ ನೋಡ್ದಂಗ್ ನೋಡ್ತಿದ್ದೀರ?”

ಅವನು ಅವಳ ಪುಟ್ಟಿಗೆ ಇಣುಕಿ ನೋಡಿ, “ಅಯ್ಯೋ, ಎಲ್ಲ ಹುಳುಕೇ ಆರಿಸ್ಕೊಂಡವ್ರೆ! ಹುಳ ಸಾಕ್ತೀರಾ ಅಕ್ಕ?” ಎಂದ. ಸುತ್ತಲಿದ್ದ ಹೆಂಗಸರು ನಕ್ಕರು. ಅವಳಿಗೂ ನಗಬೇಕೆನ್ನಿಸಿತು. ಆದರೆ ಗುರುತಿಲ್ಲದವರ ಎದುರು ಅವಳಿಗೆ ನಗು ಬರುವ ಹೊತ್ತಿಗೆ ನಗುವ ಹೊತ್ತು ಯಾವಾಗಲೂ ದಾಟಿಹೋಗಿರುತ್ತಿತ್ತು. ಅವನು ಪಾಪ ಎನ್ನಿಸಿಯೋ ಏನೋ ಮೇಲಿಂದ ಒಂದು ಬೊಗಸೆ ಒಳ್ಳೆಯ ಕಾಯಿ ಹಾಕಿದ. ಬೇಡ ಎನ್ನಲು ಬಾಯಿ ಬರಲಿಲ್ಲ. ಈಗ ಚೀಲದಲ್ಲಿ ಆ ಒಳ್ಳೆಯ ಕಾಯಿಗಳು ಎಲ್ಲಿವೆಯೋ, ಮಿಕ್ಕವುಗಳ ನಡುವೆ ಎದ್ದು ಕಾಣುತ್ತವೆಯೋ ಏನೋ ಎಂದು ಅದಕ್ಕೂ ದಿಗಿಲು.

ಕನಕಪುರ ರಸ್ತೆಯಲ್ಲಿ ಬಸ್ಸು ನಿಂತಿತು. ಪೆಟ್ರೋಲ್ ಬಂಕಿನ ಮುಂದೆ ಹಗ್ಗ ಕಟ್ಟಿ ‘ನೋ ಸ್ಟಾಕ್’ ಎಂದು ಬರೆದ ರಟ್ಟು ನೇತುಹಾಕಿದ್ದರೂ ಸ್ಕೂಟರುಗಳ ಸಾಲು ಮುಂದಿನ ತಿರುವಿನವರೆಗೂ ನಿಂತಿತ್ತು. ಟ್ಯಾಂಕರು ಬರುತ್ತದಂತೆ ಎಂದು ಯಾರೋ ಹೇಳಿದ್ದಕ್ಕೆ ನಿಂತವರು. ಕಿಟಕಿಯ ಪಕ್ಕದ ಹುಡುಗನೊಬ್ಬ ಗೆಳೆಯನಿಗೆ, “ನೋಡು ಗುರು, ಗಾಡಿ ತಳ್ಕೊಂಡ್ ಬಂದವ್ರೆ. ಇನ್ಮೇಲೆ ನಾವು ಗಾಡಿ ಮೇಲಲ್ಲ, ಗಾಡೀನೇ ನಮ್ ಮೇಲೆ” ಎಂದ. ಬಸ್ಸೆಲ್ಲ ನಕ್ಕಿತು. ಆ ಸಾಲನ್ನು ನೋಡುವಾಗ ಭಾಗ್ಯಜ್ಯೋತಿಗೆ ಒಳಗೆಲ್ಲೋ ಸಣ್ಣದೊಂದು ಸಮಾಧಾನವಾಗಿ, ಹಾಗಾಯಿತಲ್ಲ ಎಂದು ಕೂಡಲೇ ನಾಚಿಕೆಯಾಯಿತು. ಮಳೆಗಾಲಕ್ಕೆ ಮುಂಚೆ ಜಯನಗರದ ಸಮುದಾಯ ಭವನದಲ್ಲಿ ಮೇಷ್ಟ್ರಂಥ ಒಬ್ಬರು ಹಲಗೆಯ ಮೇಲೆ ಒಂಟೆಯ ಡುಬ್ಬದ ಹಾಗೆ ಒಂದು ಗೆರೆ ಎಳೆದಿದ್ದರು. ಇದು ಭೂಮಿಯಿಂದ ನಾವು ಎತ್ತುತ್ತಿರುವ ಎಣ್ಣೆ. ಹತ್ತುವುದು ಮುಗಿಯಿತು, ಇನ್ನು ಇಳಿಜಾರು. ಲಾರಿಗಳು ನಿಂತ ದಿನ ಈ ಊರು ಏನು ತಿನ್ನುತ್ತದೆ ಹೇಳಿ? ಕುರ್ಚಿಗಳ ಕೊನೆಯ ಸಾಲಿನಲ್ಲಿ ಕೂತಿದ್ದ ಅವಳಿಗೆ ಆ ಪ್ರಶ್ನೆ ತನ್ನನ್ನೇ ಕೇಳಿದಂತಿತ್ತು. ಅಂಗೈಯಗಲ ಮಣ್ಣು ಸಿಕ್ಕಲ್ಲಿ ಬೆಳೆಯಿರಿ, ಉಳಬೇಡಿ, ಚೀಲದ ಗೊಬ್ಬರ ಹಾಕಬೇಡಿ, ಯಾವುದನ್ನೂ ಹಾಳುಮಾಡಬೇಡಿ. ಒಂದರ ಕಸ ಇನ್ನೊಂದರ ಊಟ, ಇದೇ ಪರ್ಮಾಕಲ್ಚರ್ ಎಂದಿದ್ದರು. ಆಮೇಲೆ ಅವರು ದೊಡ್ಡ ಕಾರಿನಲ್ಲಿ ಕೂತು ಹೋಗುವುದು ಕಾಣಬಾರದೆಂದು ಇವಳು ಆಚೆ ಕಡೆ ತಿರುಗಿ ನಿಂತಿದ್ದಳು. ಬಿಟಿಎಂ ಲೇಔಟಿನ ಆಫೀಸಿನಲ್ಲಿ ಯಾರದೋ ಬಿಲ್ಲುಗಳನ್ನು ಯಾರದೋ ಬಿಲ್ಲುಗಳ ಜೊತೆ ಹೋಲಿಸಿ ನೋಡುವುದೇ ಕೆಲಸವಾಗಿದ್ದ ಅವಳಿಗೆ ಈ ಊರಿನಲ್ಲಿ ಮೊದಲ ಸಲ ಒಂದು ವಿಷಯ ಖಚಿತವಾಗಿತ್ತು. ಆ ರಾತ್ರಿ ಡೈರಿಯಲ್ಲಿ ಕೈ ನೋಯುವವರೆಗೆ ಬರೆದಿದ್ದಳು. ಈಗ ಅವರು ಹೇಳಿದ್ದು ಕಣ್ಣೆದುರೇ ನಿಜವಾಗುತ್ತಿತ್ತು. ಸಿದ್ಧವಾಗಿರಬೇಕಾಗಿದ್ದವಳು ಮಾತ್ರ ಕಾಲಡಿಯಲ್ಲಿ ಕೊಂಡ ಕಾಯಿ ಇಟ್ಟುಕೊಂಡು ಕೂತಿದ್ದಳು.

ಫೋನು ಬಡಿದುಕೊಂಡಿತು. ಅಪ್ಪ. ಗದಗದ ಕಡೆಯಿಂದ ಯಶವಂತಪುರಕ್ಕೆ ಉಳ್ಳಾಗಡ್ಡಿ ಹೇರುವ ಲಾರಿ ಅವನದು. ಅವನದೆಂದರೆ ಓಡಿಸುವುದಷ್ಟೇ ಅವನು. ಅವಳ ಕಾಲೇಜು, ಹಾಸ್ಟೆಲು, ಮೈಮೇಲಿನ ಬಟ್ಟೆ ಎಲ್ಲಕ್ಕೂ ಆ ಲಾರಿಯ ಡೀಸೆಲ್ಲಿನ ವಾಸನೆ ಇತ್ತು. ಚಿಕ್ಕವಳಿದ್ದಾಗ ಆ ವಾಸನೆಯನ್ನೇ ಅವಳು ಅಪ್ಪ ಎಂದುಕೊಂಡಿದ್ದಳು.

“ಹಿರಿಯೂರ ದಾಟಿ ನಿಂತೀನವ್ವಾ,” ಲಕ್ಕಪ್ಪನ ದನಿ ಫೋನಿನಿಂದ ಹೊರಗೆ ಕೇಳಿಸುವಷ್ಟು ಜೋರಾಗಿತ್ತು. “ಡೀಜಲ್ ಇಲ್ಲ. ನಾಳಿ ಬರ್ತದ, ನಾಡದ ಬರ್ತದ ಅಂತಾರ. ಉಳ್ಳಾಗಡ್ಡಿ ಗಾಡ್ಯಾಗ ಮೊಳಕಿ ಒಡಿಯಾಕತ್ತಾವ ನೋಡು. ನಿನ್ನ ತ್ವಾಟ ಹೆಂಗೈತಿ?”

“ಚೆನ್ನಾಗಿದೆಪ್ಪ.”

“ಏನಂದಿ?”

“ಚೆನ್ನಾಗಿದೆ. ಬಸ್ಸಲ್ಲಿದ್ದೀನಿ. ಆಮೇಲೆ ಮಾಡ್ತೀನಿ.”

ಅಪ್ಪ “ಆತ್ ಬಿಡವ್ವಾ” ಎಂದು ಇಟ್ಟ. ಬಸ್ಸಿನಲ್ಲಿ, ಆಫೀಸಿನಲ್ಲಿ, ಅಂಗಡಿಯಲ್ಲಿ ಅವಳು ಈ ಊರಿನ ಮಾತನ್ನೇ ಆಡುತ್ತಿದ್ದಳು. ಬಂದ ಹೊಸದರಲ್ಲಿ ಆಫೀಸಿನ ಸೌಮ್ಯ ಇವಳು “ಹೌದ್ರೀ” ಎಂದಾಗಲೆಲ್ಲ ಅದನ್ನೇ ಎಳೆದು ಅಣಕಿಸಿ, “ಸಖತ್ ಕ್ಯೂಟ್ ಕಣೆ” ಎನ್ನುತ್ತಿದ್ದಳು. ಅಂದಿನಿಂದ ಭಾಗ್ಯಜ್ಯೋತಿ ತನ್ನ ಮಾತನ್ನು ಟ್ರಂಕಿನಲ್ಲಿ ಇಡುವ ಒಳ್ಳೆಯ ಸೀರೆಯಂತೆ ಮಡಿಸಿ ಒಳಗಿಟ್ಟಿದ್ದಳು. ಈಗ ಅಪ್ಪನ ಎದುರಿಗೂ ಅದನ್ನು ತೆಗೆಯಲಾರದೆ ಹೋದಳು. ಕಟ್ಟಿಟ್ಟ ಚೀಲದೊಳಗೆ, ಕತ್ತಲಲ್ಲಿ, ಮಣ್ಣಿಲ್ಲದೆ ನೀರಿಲ್ಲದೆ ಮೊಳಕೆ ಒಡೆಯುತ್ತಿರುವ ಗಡ್ಡೆಗಳು ಕಣ್ಣಿಗೆ ಕಟ್ಟಿದವು. ಬೇಡದ ಕಡೆ ಎಷ್ಟು ಸಲೀಸಾಗಿ ಹುಟ್ಟುತ್ತದೆ ಎಲ್ಲ.

ಗೌರಮ್ಮಜ್ಜಿಯ ಮನೆಯ ತಾರಸಿಯ ಮೇಲಿನ ಒಂಟಿ ಕೋಣೆಗೆ ಅವಳು ಬಾಡಿಗೆಗೆ ಬಂದ ಮಳೆಗಾಲದಲ್ಲಿ, ಬೀದಿಯ ಕೊನೆಯ ಆ ಖಾಲಿ ಸೈಟಿನಲ್ಲಿ ಎದೆಮಟ್ಟ ಪಾರ್ಥೇನಿಯಂ ನಿಂತಿತ್ತು. ಸುತ್ತಲಿನ ಅಪಾರ್ಟ್‌ಮೆಂಟುಗಳು, ಪಿಜಿಗಳು, ನರ್ಸಿಂಗ್ ಹೋಮು ಎಲ್ಲ ಒಂದು ಕಾಲಕ್ಕೆ ಅಜ್ಜಿಯ ಗಂಡ ರಾಮಯ್ಯನ ರಾಗಿ ಹೊಲ. ಮಾರಿ, ಹಂಚಿ, ಲೇಔಟಾಗಿ, ಉಳಿದದ್ದು ಅದೊಂದೇ ತುಂಡು. ರಾಗಿಯ ಸಾಲಿನ ನಡುನಡುವೆ ಅವರೆ ಹಾಕುತ್ತಿದ್ದೆವು ಎಂದು ಅಜ್ಜಿ ಹೇಳಿದಾಗ, ಮೇಷ್ಟ್ರು ತೆರೆಯ ಮೇಲೆ ತೋರಿಸಿದ ಯಾವುದೋ ದೇಶದ ತೋಟ ನೆನಪಾಗಿ ಭಾಗ್ಯಜ್ಯೋತಿಯ ಮೈ ಜುಮ್ಮೆಂದಿತ್ತು. ಆದರೆ ಅಜ್ಜಿಗೆ ಬೇಸಾಯದ ಮೇಲೆ ಅಂಥ ಮೋಹವೇನೂ ಇರಲಿಲ್ಲ. “ಸೊಂಟ ಮುರ್ಕೊಂಡಿದ್ದೇ ಬಂತು ಕಣೆ. ಒಂದ್ ಹಿಡಿ ಬಿಳೀ ಗೊಬ್ರ ಚೆಲ್ಲು, ಹೆಂಗ್ ಬತ್ತದೆ ನೋಡು” ಎಂದು ಯೂರಿಯಾದ ಗುಣಗಾನ ಮಾಡುತ್ತಿದ್ದಳು. ಅದನ್ನೂ ನೆಲದಡಿಯ ಅನಿಲದಿಂದಲೇ ಮಾಡುವುದಜ್ಜಿ, ಅದೂ ಮುಗಿಯುತ್ತದೆ ಎಂದು ಇವಳು ಹೇಳಿದರೆ, “ಎಲ್ಲಾ ಮುಗೀತದೆ ಬುಡು, ನಾನೂ ಮುಗೀತೀನಿ” ಎಂದು ನಗುತ್ತಿದ್ದಳು. ಅವಳಿಗೆ ಬೇಕಾದದ್ದು ಒಂದೇ. ಆ ತುಂಡು ಹಾಗೇ ಉಳಿಯಬೇಕು. ನಡುವಿನ ಮಹಡಿಯಲ್ಲಿದ್ದ ಮಗ ರವಿಕಿರಣ್ ಅಲ್ಲಿ ಬಿಲ್ಡರ್ ಜೊತೆ ಸೇರಿ ಪಿಜಿ ಎಬ್ಬಿಸಬೇಕೆಂದು ಕಾಗದ ತಂದಿದ್ದ. ಅವಳು ಹೆಬ್ಬೆಟ್ಟು ಒತ್ತಲಿಲ್ಲ. ಮಾತಿಗೆ ಮಾತು ಬೆಳೆದು, “ಅಲ್ಲೇನ್ ಬೆಳೀತದಮ್ಮ, ಇಲಿ?” ಎಂದು ಮಗ ಕೇಳಿದ. “ಈ ಸಂಕ್ರಾಂತಿಗೆ ನನ್ ಸೈಟಿನ್ ಅವರೆಕಾಯೇ ಬೇಯಿಸ್ತೀನಿ. ಅಲ್ಲೀಗಂಟ ಅಂಗ್ಡೀದು ಮುಟ್ಟಲ್ಲ, ನಿನ್ ಮನೇಲೂ ಉಣ್ಣಲ್ಲ. ಬೆಳೀಲಿಲ್ವಾ, ನೀನ್ ಹೇಳ್ದಲ್ಲಿ ಒತ್ತೀನಿ” ಎಂದಳು ತಾಯಿ. ಅಂದಿನಿಂದ ಕೆಳಗಿನ ಮನೆಯಲ್ಲಿ ಒಂದೇ ಒಲೆಗೆ ಒಂದೇ ಪಾತ್ರೆ ಇಟ್ಟು ಅವಳೊಬ್ಬಳೇ ಬೇಯಿಸಿಕೊಳ್ಳುತ್ತಿದ್ದಳು. ಈ ಬೀದಿಯಲ್ಲಿ ಎಲ್ಲ ಮನೆಗಳಿಂದ ಹಿಚುಕಿದ ಅವರೆಯ ಸಾರಿನ ಪರಿಮಳ ಬರುವ ಕಾಲದಲ್ಲಿ ಅವಳು ಬರೀ ಸೊಪ್ಪು ಬಸಿದುಕೊಂಡು ಮುದ್ದೆ ನುಂಗುತ್ತಿದ್ದಳು. ಭಾಗ್ಯಜ್ಯೋತಿ ಮೆಟ್ಟಿಲಿಳಿದು ಹೋಗುವಾಗಲೆಲ್ಲ ಒಳಗಿಂದ ದನಿ ಬರುತ್ತಿತ್ತು: “ಹೂ ಬಿಡ್ತೇನೆ?” “ಬಿಟ್ಟಿದೆ ಅಜ್ಜಿ.” “ಕಾಯಿ ಕಚ್ತೇನೆ?” “ಕಚ್ತಾ ಇದೆ ಅಜ್ಜಿ.”

ಹೂ ಬಿಟ್ಟಿದ್ದೇನೋ ನಿಜ. ಅಜ್ಜಿಯ ಒಪ್ಪಿಗೆಯಿಂದ ಕಳೆ ಕಿತ್ತು ಭಾಗ್ಯಜ್ಯೋತಿ ಆಷಾಢದಲ್ಲಿ ಊರಿದ ಬೀಜ ಮಳೆಗೆ ಎಷ್ಟು ಹುರುಪಿನಿಂದ ಹಬ್ಬಿತ್ತೆಂದರೆ, ಬಿದಿರಿನ ಚಪ್ಪರದ ಕೆಳಗೆ ಕೂತು ಅವಳು ಒಂದು ಸಂಜೆ ಕಾರಣವಿಲ್ಲದೆ ಅತ್ತಿದ್ದಳು. ಮಳೆ ನಿಂತ ಮೇಲೆ ನೀರಿನ ಮಾತು ಬಂತು. ಟ್ಯಾಂಕರು ಬರುತ್ತಿತ್ತು. ಬಂದು ಬೀದಿಯಲ್ಲಿ ನಿಂತು, ಎಂಜಿನ್ ಆರಿಸದೆ, ಬಳ್ಳಿಯ ಮುಖಕ್ಕೇ ಕರಿಹೊಗೆ ಉಗುಳುತ್ತ ನೀರು ಬಿಡುತ್ತಿತ್ತು. ಎಣ್ಣೆ ಮುಗಿದ ದಿನಕ್ಕೆಂದು ಬೆಳೆಸುವ ಬಳ್ಳಿಗೆ ಎಣ್ಣೆ ಸುಟ್ಟು ನೀರು. ಅವಳಿಗೆ ಇದನ್ನು ನುಂಗಲಾಗಲಿಲ್ಲ. ಆಗ ಕಂಡಿತು, ಪಕ್ಕದ ಅಪಾರ್ಟ್‌ಮೆಂಟಿನ ಗೋಡೆಯಿಂದ ಚಾಚಿದ ಕೊಳವೆ. ದಿನ ಬೆಳಗಾದರೆ ಕನ್ನಡಿಯಂಥ ತಿಳಿನೀರು ಸುಮ್ಮನೆ ಚರಂಡಿಗೆ ಹೋಗುತ್ತಿತ್ತು. ಬೋರ್‌ವೆಲ್ಲಿನ ಗಡಸು ನೀರನ್ನು ಮೆದು ಮಾಡುವ ಯಂತ್ರವಿದೆ, ಅದನ್ನು ತೊಳೆದ ನೀರು ಅದು ಎಂದು ವಾಚ್‌ಮನ್ ಹನುಮಯ್ಯ ಹೇಳಿದ. ಒಂದರ ಕಸ ಇನ್ನೊಂದರ ಊಟ. ಕನ್ನಡಿಯ ಮುಂದೆ ನಿಂತು ಆಡಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಂಡು ಹೋಗಿ, ಆ ನೀರನ್ನು ಸೈಟಿಗೆ ತಿರುಗಿಸಿಕೊಡುತ್ತೀರಾ ಎಂದು ಕೇಳಿದ್ದಳು. ಅವಳ ಬದುಕಿನಲ್ಲೇ ಅಷ್ಟು ಧೈರ್ಯದ ಕೆಲಸ ಅವಳು ಮಾಡಿರಲಿಲ್ಲ. ಹನುಮಯ್ಯ ಖುಷಿಯಿಂದ ಹಸಿರು ಪೈಪು ಸಿಕ್ಕಿಸಿಕೊಟ್ಟ. ಅಜ್ಜಿ ಬೀದಿಗೆಲ್ಲ ಸಾರಿದಳು: ನಮ್ ಭಾಗ್ಯ ಬಿಟ್ಟಿ ನೀರು ತಂದ್ಲು.

ಯಂತ್ರವನ್ನು ಯಾತರಿಂದ ತೊಳೆಯುತ್ತಾರೆ ಎಂದು ಅವಳು ಕೇಳಿರಲಿಲ್ಲ. ಮೊದಲು ಎಲೆಯ ಅಂಚು ಕಾಗದ ಸುಟ್ಟಂತೆ ಕಂದಿತು. ಬಿಸಿಲು ಎಂದುಕೊಂಡಳು. ಆಮೇಲೆ ಹೂ ಉದುರಿತು. ಗಾಳಿ ಎಂದುಕೊಂಡಳು. ಡೈರಿಯಲ್ಲೂ ‘ಎಲೆ ಕೊಂಚ ಬಾಡಿದೆ’ ಎಂದಷ್ಟೇ ಬರೆದಳು, ಅದು ಯಾರಾದರೂ ಓದುವ ಪುಸ್ತಕವೆಂಬಂತೆ. ಆಮೇಲೆ ಮಣ್ಣಿನ ಮೇಲೆ ಬೆಳ್ಳಗೆ ಹೊಪ್ಪಳೆ ಕಟ್ಟಿತು. ಹಾಲು ತರಲು ಹೋದ ಅಜ್ಜಿ ಅಷ್ಟು ದೂರದಿಂದಲೇ ಮಂಜುಗಣ್ಣಿಗೆ ಬಿಳುಪು ಕಂಡು, “ಕೊನೇಗೂ ಬಿಳೀ ಗೊಬ್ರ ಹಾಕ್ದೇನೆ? ಒಳ್ಳೇದ್ ಮಾಡ್ದೆ ಮಗ” ಎಂದು ಬೆನ್ನು ತಟ್ಟಿದ್ದಳು. ಅಜ್ಜಿ ಅತ್ತ ಹೋದ ಮೇಲೆ ಭಾಗ್ಯಜ್ಯೋತಿ ಬೆರಳದ್ದಿ ನಾಲಗೆಗೆ ಇಟ್ಟುಕೊಂಡಳು. ಉಪ್ಪು. ಒಂದೆರಡು ದಿನಕ್ಕೆ ಅಪಾರ್ಟ್‌ಮೆಂಟಿನ ಪಂಪ್ ರೂಮಿಗೆ ಯಾರೋ ಉಪ್ಪಿನ ಮೂಟೆ ಇಳಿಸುತ್ತಿರುವುದೂ ಕಂಡಿತು. ಅಡಿಯಲ್ಲಿ ಯಾರೋ ಸುರಿದ ಹಳೇ ಕಟ್ಟಡದ ಇಟ್ಟಿಗೆ ಕಾಂಕ್ರೀಟು, ಅದರ ಮೇಲೆ ಮೊಳದಷ್ಟು ಮಣ್ಣು. ಹಾಕಿದ ಉಪ್ಪು ಇಳಿದು ಹೋಗಲು ದಾರಿಯೇ ಇರಲಿಲ್ಲ.

ಇಷ್ಟಾದರೂ ಅದೊಂದು ತಪ್ಪು ಮಾತ್ರ. ತಿಳಿಯದೆ ಆದದ್ದು, ಯಾರೂ ಅವಳನ್ನು ನೇಣಿಗೆ ಹಾಕುತ್ತಿರಲಿಲ್ಲ. ಅವಳ ನಿದ್ದೆ ಕೆಡಿಸಿದ್ದು ಅದಲ್ಲ. ತಿಳಿದ ಮೇಲೂ ಅವಳು ನೀರು ನಿಲ್ಲಿಸಲಿಲ್ಲ. ಬೇಡ ಎಂದರೆ ಹನುಮಯ್ಯ ಯಾಕೆ ಮೇಡಂ ಎನ್ನುತ್ತಾನೆ. ಯಾಕೆ ಎಂದರೆ ಹೇಳಬೇಕು. ಹೇಳಿದರೆ ಬೀದಿಗೆ ತಿಳಿಯುತ್ತದೆ, ಅಜ್ಜಿಗೆ ತಿಳಿಯುತ್ತದೆ. ಪ್ರತಿ ಬೆಳಿಗ್ಗೆ ಅವನು ಗೋಡೆಯ ಮೇಲಿಂದ ತಲೆ ಹಾಕಿ ಕೇಳುತ್ತಿದ್ದ, ಪ್ರತಿ ಬೆಳಿಗ್ಗೆ ಅವಳು ತಲೆಯಾಡಿಸುತ್ತಿದ್ದಳು. ಒಂದು ಮಾತು ಆಡುವ ಸಂಕೋಚಕ್ಕೆ ಒಂದು ನೆಲವನ್ನು ಕೊಲ್ಲುತ್ತ ನಿಂತವರು ಬೇರೆ ಯಾರಾದರೂ ಇದ್ದಾರೆಯೇ ಎಂದು ಮಲಗಿದಲ್ಲಿ ಯೋಚಿಸುತ್ತಿದ್ದಳು. ಇರಬಹುದು. ಬಂಕಿನ ಮುಂದೆ ಸ್ಕೂಟರು ಹಿಡಿದು ನಿಂತವರಿಗೂ ಗೊತ್ತಿಲ್ಲವೇ? ಎಲ್ಲರಿಗೂ ಗೊತ್ತಿದೆ, ಎಲ್ಲರೂ ತಲೆಯಾಡಿಸುತ್ತಾರೆ. ಆದರೆ ಈ ಸಮಾಧಾನ ಹೊಟ್ಟೆಯವರೆಗೆ ಇಳಿಯುತ್ತಿರಲಿಲ್ಲ.

ಬಸ್ಸಿಳಿದು ನೇರ ಮನೆಗೆ ಹೋಗದೆ ಸೈಟಿಗೆ ನಡೆದಳು. ತೋಟದ ಕಡೆಯಿಂದ ಬಂದಂತೆ ಕಾಣಬೇಕಲ್ಲ. ಸಂಜೆಯ ಬಿಸಿಲಿಗೆ ನೆಲ ಹಪ್ಪಳದಂತೆ ಸೀಳು ಬಿಟ್ಟು ಹೊಳೆಯುತ್ತಿತ್ತು. ಬಿದಿರಿಗೆ ಸುತ್ತಿಕೊಂಡ ಬಳ್ಳಿ ಒಣಗಿ, ಹಗ್ಗವೋ ಬಳ್ಳಿಯೋ ತಿಳಿಯುತ್ತಿರಲಿಲ್ಲ. ಒಂದು ಕಡೆ ಮಾತ್ರ, ಪೈಪಿನ ನೀರು ತಲುಪದ ಮೂಲೆಯಲ್ಲಿ, ನಾಲ್ಕೈದು ಎಲೆ ಹಸಿರಾಗಿದ್ದವು. ಅವನ್ನೂ ಕಿತ್ತು ಚೀಲದ ಕಾಯಿಗಳ ನಡುವೆ ಬೆರೆಸಿದಳು. ಬೆರೆಸುವಾಗ ತನ್ನ ಕೈ ಎಷ್ಟು ಚುರುಕಾಗಿದೆ ಎಂದು ಅವಳಿಗೇ ಆಶ್ಚರ್ಯವಾಯಿತು; ಬೀಜ ಊರುವಾಗ ಕೂಡ ಇಷ್ಟು ಚುರುಕಿರಲಿಲ್ಲ. ಕಾಯಿಗಳಿಗೆ ಮಣ್ಣು ತಿಕ್ಕಲು ಬಗ್ಗಿದವಳು, ಮಣ್ಣಿನಲ್ಲೂ ಉಪ್ಪಿದೆ, ಬಾಯಿಗೆ ಬಂದರೆ ಎಂದು ಹೆದರಿ ಕೈ ಹಿಂದೆ ಎಳೆದುಕೊಂಡಳು.

“ಏನ್ ಮೇಡಂ, ಹಬ್ಬಕ್ಕೆ ಕಾಯಿ ಕಿತ್ಕೊಂಡ್ರಾ?” ಗೋಡೆಯ ಮೇಲೆ ಹನುಮಯ್ಯನ ತಲೆ. “ನಮ್ಗೂ ಒಂದೆರಡು ಕೊಡಿ ಮತ್ತೆ. ನೀರು ನಮ್ದಲ್ವಾ!”

ಅವಳು ಚೀಲಕ್ಕೆ ಕೈ ಹಾಕಿ ಒಂದು ಹಿಡಿ ಕಾಯಿ ಗೋಡೆಯ ಮೇಲಿಟ್ಟಳು. ಅವನು ಒಂದನ್ನು ಬಿಡಿಸಿ ಕಾಳನ್ನು ಹಾಗೇ ಬಾಯಿಗೆ ಎಸೆದುಕೊಂಡು, “ಅಂಗ್ಡೀದ್ರಲ್ಲಿ ಈ ರುಚಿ ಎಲ್ಲಿ ಬರ್ತದೆ ಹೇಳಿ” ಎಂದ. ಆಮೇಲೆ ನೆಲ ನೋಡಿ, “ಪೂರ್ತಿ ಒಣಗೋಗದೆ ಮೇಡಂ. ಈಗ್ತಾನೆ ಮಿಷಿನ್ ತೊಳೀತಾವ್ರೆ. ಬಿಡ್ಲಾ?”

ಅವಳು ಬಾಯಿ ತೆರೆದಳು. ಅವನ ಮುಖ ಎಷ್ಟು ಪ್ರಸನ್ನವಾಗಿತ್ತೆಂದರೆ, ಅದನ್ನು ಕೆಡಿಸುವುದು ಯಾವುದೋ ಬೇರೆ ಬಗೆಯ ಜನರಿಗೆ ಮಾತ್ರ ಸಾಧ್ಯವಾಗುವ ಕೆಲಸವೆನ್ನಿಸಿತು. ತಲೆಯಾಡಿಸಿದಳು. ಹಸಿರು ಪೈಪು ಒಮ್ಮೆ ಕೆಮ್ಮಿ ನೀರು ಬಿಟ್ಟಿತು. ತಿಳಿ, ತಣ್ಣನೆಯ, ಕಣ್ಣಿಗೆ ಹಿತವಾದ ನೀರು ಬಿಳಿಯ ಹೊಪ್ಪಳೆಯನ್ನು ಕರಗಿಸುತ್ತ, ಸೀಳುಗಳಲ್ಲಿ ಇಳಿಯುತ್ತ, ಅವಳ ಚಪ್ಪಲಿಯ ತುದಿಯವರೆಗೆ ಬಂದು ನಿಂತಿತು.

ಗೌರಮ್ಮಜ್ಜಿ ಜಗಲಿಯ ಮೇಲೆ ಮೊರ ಇಟ್ಟುಕೊಂಡು ಮೊದಲೇ ಕೂತಿದ್ದಳು. ಬಾಗಿಲಿಗೆ ಮಾವಿನೆಲೆ ಕಟ್ಟಿಯಾಗಿತ್ತು. ಒಲೆಯ ಮೇಲೆ ಗೆಣಸು ತೊಳೆದಿಟ್ಟ ಪಾತ್ರೆ, ಅದರಲ್ಲಿ ಕಾಯಿಗೆಂದು ಬಿಟ್ಟ ಅರ್ಧ ಜಾಗ. ಹೆಜ್ಜೆ ಸಪ್ಪಳಕ್ಕೇ ಮುಖ ಎತ್ತಿ, “ಬಂದ್ಯಾ ಮಗ? ತಂದ್ಯಾ?” ಎಂದಳು. ಭಾಗ್ಯಜ್ಯೋತಿ ಚೀಲವನ್ನು ಮೊರಕ್ಕೆ ಸುರಿದಳು. ಕಾಯಿ ಬೀಳುವ ಸದ್ದು ಕೇಳಿ ಅಜ್ಜಿಯ ಕೈಗಳು ಗಾಳಿಯಲ್ಲೇ ನಿಂತವು. “ಇಷ್ಟಾ?” ಎಂದಳು. “ಅಯ್ಯೋ ನನ್ ಶಿವನೆ, ಇಷ್ಟಾ!” ಎರಡೂ ಕೈಯಿಂದ ಬಾಚಿ ಮುಖಕ್ಕೆ ಒತ್ತಿಕೊಂಡಳು. ಆಮೇಲೆ, ಭಾಗ್ಯಜ್ಯೋತಿ ದಾರಿಯುದ್ದಕ್ಕೂ ಹೆದರಿದ್ದಂತೆಯೇ, “ತಾ ಇಲ್ಲಿ ನಿನ್ ಕೈಯ” ಎಂದು ಅವಳ ಬೆರಳುಗಳನ್ನು ಹಿಡಿದು ಮೂಗಿಗೆ ತಂದಳು. ದೀರ್ಘವಾಗಿ ಮೂಸಿದಳು. ಸಿಕ್ಕಿಬಿದ್ದೆ, ಸಿಕ್ಕಿಬಿದ್ದರೆ ಒಳ್ಳೆಯದೇ, ಮಾತಾಡುವುದು ತಪ್ಪುತ್ತದೆ ಎಂದು ಭಾಗ್ಯಜ್ಯೋತಿ ಅಂದುಕೊಂಡಳು.

“ನಮ್ ಹೊಲದ್ ಸೊಗಡೇ ಕಣೆ ಇದು,” ಎಂದಳು ಅಜ್ಜಿ. ಅವಳ ಕಣ್ಣಂಚು ಒದ್ದೆಯಾಗಿತ್ತು. “ನಮ್ಮೆಜ್ಮಾನ್ರು ಕಿತ್ಕೊಂಡ್ ಬಂದಾಗ ಹಿಂಗೇ ಘಮ್ಮಂತಿತ್ತು. ಇದ್ನ ಮರೀತೀನಾ ನಾನು?”

ಆ ಮೂಗಿಗೆ ಏನೂ ಕಂಡಿರಲಿಲ್ಲ. ಭಾಗ್ಯಜ್ಯೋತಿ ಮೆಟ್ಟಿಲ ಮೇಲೆ ಕೂತಳು. ಹಿಡಿಯುವವರು ಇನ್ನು ಯಾರೂ ಇರಲಿಲ್ಲ.

“ಲೇ ರವೀ! ಬಾರ್ಲಾ ಇಲ್ಲಿ! ಬಂದ್ ನೋಡು ಇಲಿ ಬೆಳೆದೈತೆ!”

ರವಿಕಿರಣ್ ಮೇಲಿನಿಂದ ಇಳಿದು ಬಂದ. ಹಾರ್ಡ್‌ವೇರ್ ಅಂಗಡಿಯ ಧೂಳು ಇನ್ನೂ ಅಂಗಿಯ ಮೇಲಿತ್ತು. ತಾಯಿ ಮಗನನ್ನು ತಾನಾಗಿ ಕರೆದು ಎಷ್ಟೋ ದಿನಗಳಾಗಿದ್ದವು. ಕರೆದಳಲ್ಲ ಎಂಬ ಬೆರಗೇ ಅವನ ಮುಖದಲ್ಲಿತ್ತು. ಮೊರದ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದು ಕಾಯಿ ಎತ್ತಿದ. ಗಾಡಿಯವನು ಮೇಲಿಂದ ಹಾಕಿದ ಆ ಒಳ್ಳೆಯ ಕಾಯಿಗಳಲ್ಲೊಂದು. ದಿನಕ್ಕೆರಡು ಸಲ ಸೈಟಿನ ಮುಂದೆಯೇ ಸ್ಕೂಟರಿನಲ್ಲಿ ಹಾದುಹೋಗುವ ಮನುಷ್ಯ. ಕಾಯನ್ನು ತಿರುಗಿಸಿ ನೋಡಿದ, ತಲೆ ಎತ್ತಿ ಭಾಗ್ಯಜ್ಯೋತಿಯನ್ನು ನೋಡಿದ.

“ಎಲ್ಲಾ ಅಲ್ಲೇ ಬಂತೇನ್ರೀ?”

“ಹೂಂ.”

ಅವನಿಗೆ ಗೊತ್ತು ಎಂದು ಅವಳಿಗೆ ಗೊತ್ತಾಯಿತು. ಈಗ ಹೇಳುತ್ತಾನೆ ಎಂದು ಅವಳು ಮೆಟ್ಟಿಲಿನ ಅಂಚನ್ನು ಹಿಡಿದುಕೊಂಡಳು. ಆದರೆ ಅವನು ಕಾಯನ್ನು ಮೆಲ್ಲಗೆ ಮೊರಕ್ಕೆ ಹಾಕಿ, ತಾಯಿಯ ಕಡೆ ತಿರುಗಿ, “ಆಯ್ತಮ್ಮ. ನೀನೇ ಗೆದ್ದೆ” ಎಂದ. “ಬಿಲ್ಡರ್‌ಗೆ ಬೇಡ ಅಂತೀನಿ. ಸೈಟು ಹಂಗೇ ಇರ್ಲಿ. ನಾಳೆ ಊಟಕ್ಕೆ ಮೇಲೆ ಬಾ, ಅಷ್ಟ್ ಸಾಕು ನಂಗೆ.”

“ಬತ್ತೀನಿ ಕಣ್ಲಾ. ಕಾಯಿ ಬೇಯಿಸ್ಕೊಂಡೇ ಬತ್ತೀನಿ.”

ಎದ್ದು ಹೋಗುವಾಗ ಅವನು ಭಾಗ್ಯಜ್ಯೋತಿಯ ಪಕ್ಕ ಒಂದು ಕ್ಷಣ ನಿಂತು, ತಾಯಿಗೆ ಕೇಳಿಸದಷ್ಟು ಮೆತ್ತಗೆ, “ಥ್ಯಾಂಕ್ಸ್ ರೀ” ಎಂದ. ಆ ಮಾತು ಅವಳ ಕೆನ್ನೆಗೆ ಬಿದ್ದಂತಾಯಿತು. ಗಾಡಿಯವನ ನಗು, ಸೌಮ್ಯಳ ಅಣಕ ಯಾವುದೂ ಅವಳನ್ನು ಇಷ್ಟು ಸಣ್ಣವಳನ್ನಾಗಿ ಮಾಡಿರಲಿಲ್ಲ. ಎಲ್ಲ ಸರಿಹೋಗಿತ್ತು. ತಾಯಿಗೆ ಸೈಟು, ಮಗನಿಗೆ ತಾಯಿ, ಇವಳಿಗೆ ಕೋಣೆ, ಬೀದಿಗೆ ಒಂದು ಹಸಿರಿನ ಕಥೆ. ಯಾರಿಗೂ ಯಾವ ನಷ್ಟವೂ ಇರಲಿಲ್ಲ. ಬೀದಿಯ ಕೊನೆಯಲ್ಲಿ ಆ ಹೊತ್ತಿಗೂ ಪೈಪು ಸುರಿಯುತ್ತಿತ್ತು. ಅದರ ಸದ್ದು ಇಲ್ಲಿಗೆ ಕೇಳಿಸುವಂತಿರಲಿಲ್ಲ, ಆದರೂ ಅವಳಿಗೆ ಕೇಳಿಸುತ್ತಿತ್ತು.

ಅಜ್ಜಿ ಕಾಯಿಗಳನ್ನು ತಡವಿ ತಡವಿ ಬೇರೆ ಮಾಡುತ್ತಿದ್ದಳು. ಹೆಚ್ಚಿನವು ಮೊರದಲ್ಲೇ ಉಳಿಯುತ್ತಿದ್ದವು. ಯಾವುದೋ ಒಂದೊಂದನ್ನು ಮಾತ್ರ ಬೆರಳಿನಿಂದ ಒತ್ತಿ, ಕಿವಿಯ ಹತ್ತಿರ ಅಲುಗಿಸಿ, ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. ಬಲಿತು ಸಿಪ್ಪೆ ಒಣಗಲು ಶುರುವಾದವು. ಏನು ಮಾಡುತ್ತಿದ್ದಾಳೆಂದು ಭಾಗ್ಯಜ್ಯೋತಿಗೆ ಮೊದಲು ಹೊಳೆಯಲಿಲ್ಲ.

“ಇವು ಬೇಯಿಸಾಕಲ್ಲ,” ಎಂದಳು ಅಜ್ಜಿ. “ಬೀಜಕ್ಕೆ. ಆವಾಗ್ಲೂ ಹಿಂಗೇ, ಮೊದಲ್ನೇ ಕೊಯ್ಲಲ್ಲಿ ಬಲ್ತಿದ್ದ ಕಾಯಿ ಬಾಯ್ಗಿಡ್ತಿರ್ಲಿಲ್ಲ ನಾವು. ಒಲೆ ಮ್ಯಾಗಡೆ ಹೊಗೇಲಿ ನೇತಾಕಿಬಿಡೋದು.” ಸೆರಗಿನ ತುದಿಯಲ್ಲಿ ಗಂಟು ಕಟ್ಟಲು ಹೋಗಿ, ಬೆರಳು ಬಗ್ಗದೆ, ಬಿಚ್ಚಿ, ಆ ಕಾಯಿಗಳನ್ನು ಭಾಗ್ಯಜ್ಯೋತಿಯ ಅಂಗೈಯಲ್ಲಿಟ್ಟು ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು. “ನಿನ್ ತಾವೇ ಇರ್ಲಿ. ಬರೋ ಆಷಾಢಕ್ಕೆ ಇದ್ನೇ ಊರು. ನಾನಿರ್ತೀನೋ ಇಲ್ವೋ. ಅಂಗ್ಡಿ ಬೀಜ ತರ್ಬ್ಯಾಡ ಮತ್ತೆ. ಇದು ನಮ್ ಮಣ್ ಕಂಡಿರೋ ಬೀಜ. ಹಾಕ್ದೇಟ್ಗೆ ಗುರ್ತು ಹಿಡೀತದೆ.”

ಅಂಗೈಯೊಳಗೆ ಕಾಯಿಗಳು ಹಗುರವಾಗಿದ್ದವು, ಒಳಗೆ ಕಾಳು ಸಡಿಲವಾಗಿ ಅಲುಗುತ್ತಿತ್ತು. ಎಲ್ಲಿಯದೋ ಹೊಲದವು, ಯಾರೋ ಗುರುತಿಲ್ಲದವರು ಬೆಳೆದವು, ಡೀಸೆಲ್ಲು ಮುಗಿಯುವ ಮುಂಚೆ ಯಾವುದೋ ಲಾರಿಯಲ್ಲಿ ಬಂದವು. ಅವು ಜೀವಂತವಾಗಿದ್ದವು. ಬರುವ ಮಳೆಗೆ ಅವನ್ನು ಆ ನೆಲದಲ್ಲಿ ಊರಬೇಕು, ಅವು ಊದಿಕೊಂಡು ಬಿರಿಯಬೇಕು, ಬೇರಿನ ಬಿಳಿಯ ತುದಿ ಕೆಳಗೆ ಇಳಿದು ಗುರುತು ಹುಡುಕಬೇಕು. ಹುಟ್ಟದಿದ್ದರೆ ಮುಂದಿನ ಸಂಕ್ರಾಂತಿಗೆ ಮತ್ತೆ ಬನಶಂಕರಿಗೆ ಹೋಗಬಹುದು. ಅದರ ಮುಂದಿನ ವರ್ಷವೂ ಹೋಗಬಹುದು. ಅವಳಿಗೆ ಹಿರಿಯೂರಿನ ಆಚೆ ರಸ್ತೆಯ ಬದಿ ನಿಂತ ಅಪ್ಪ ಕಂಡ. ಮೊಳಕೆ ಒಡೆದ ಗಡ್ಡೆಗಳ ಮೇಲೆ ತಾಡಪಾಲು ಎಳೆಯುತ್ತ, ಏನಂದಿ, ಏನಂದಿ ಎಂದು ಕೇಳುತ್ತಿದ್ದ.

“ಯಾಕೆ ಮಗ, ಮಾತೇ ಇಲ್ಲ?” ಎಂದಳು ಗೌರಮ್ಮಜ್ಜಿ.

ಭಾಗ್ಯಜ್ಯೋತಿ ಮಡಿಸಿದ ಬೆರಳುಗಳನ್ನು ಬಿಚ್ಚಿದಳು. ಬಾಯಿಪಾಠ ಮಾಡಿಕೊಂಡ ಮಾತು ಯಾವುದೂ ಇರಲಿಲ್ಲ. ಬಾಯಿಗೆ ಬಂದದ್ದು ಈ ಊರಿನ ಮಾತೂ ಆಗಿರಲಿಲ್ಲ.

“ಆ ಮಣ್ಣ ಸತ್ತೈತ್ರೀ ಅಜ್ಜಿ,” ಎಂದಳು. “ಅದ್ರಾಗ ಇನ್ನ ಏನೂ ಹುಟ್ಟಂಗಿಲ್ರೀ.”